ನಾಲ್ಕು ಮಾರಿಗೆ ಒಂದಡಿ ಕಮ್ಮಿ

ಅಪ್ಪ ಮರ ಅಳೆಯೋದು ಟೇಪಲ್ಲಿ ಅಲ್ಲ, ತೋಳಲ್ಲಿ. ಮರಕ್ಕೆ ಎದೆ ಒತ್ತಿ ನಿಂತು ಎರಡೂ ಕೈ ಚಾಚೋದು, ಬಲಗೈ ಬೆರಳು ಮುಟ್ಟಿದ ಜಾಗಕ್ಕೆ ಎಡಗೈ ತಂದಿಟ್ಟು ಮತ್ತೆ ಚಾಚೋದು, ಒಂದು ಮಾರು (ಹೆಚ್ಚು ಕಮ್ಮಿ ಆರಡಿ), ಎರಡು ಮಾರು, ಉಳಿದಿದ್ದಕ್ಕೆ ಗೇಣು. ಸಾಗರದ ಕಡೆ ನಮ್ಮೂರಲ್ಲಿ ಎಲ್ಲಾರೂ ಹಿಂಗೇ ಅಳೀತಿದ್ರು. ಹೋದ ತಿಂಗಳು ಇಂಗ್ಲೆಂಡಿನ ಹ್ಯಾಂಪ್‌ಶೈರ್ ಸೀಮೆಯ ಸೆಲ್ಬೋರ್ನ್ ಅನ್ನೋ ಹಳ್ಳಿಯ ಚರ್ಚಿನ ಅಂಗಳದಲ್ಲಿ, ಸತ್ತು ಮೂವತ್ತು ವರ್ಷದ ಮೇಲಾಗಿರೋ ಒಂದು ಮರದ ಬೊಡ್ಡೆ ಮುಂದೆ ನಿಂತು ಅಪ್ಪ ಹಂಗೇ ಕೈ ಚಾಚಿದ್ರು. ಅರ್ಧ ಸುತ್ತು ಹೋಗಿ ನಿಲ್ಲಿಸಿಬಿಟ್ಟು, "ಇದು ಬದುಕಿದ್ದಾಗ ಎಷ್ಟಿತ್ತೇ?" ಅಂತ ಕೇಳಿದ್ರು. ನಂಗೆ ಉತ್ತರ ಗೊತ್ತಿತ್ತು, ಇನ್ನೂರು ವರ್ಷಕ್ಕೂ ಹಿಂದೆ ಒಬ್ಬರು ಅಳೆದು ಬರೆದಿಟ್ಟಿದ್ರಲ್ಲ, 23 ಅಡಿ. "ಹಾಗಾದ್ರೆ ನಾಲ್ಕು ಮಾರಿಗೆ ಒಂದಡಿ ಕಮ್ಮಿ" ಅಂದ್ರು ಅಪ್ಪ, ಅಂದು ಆ ಬೊಡ್ಡೆ ಮೇಲೆ ಅಂಗೈ ಇಟ್ಕೊಂಡು ಸ್ವಲ್ಪ ಹೊತ್ತು ಸುಮ್ನೆ ನಿಂತ್ಕೊಂಡ್ರು.

ಇದು ಯೂ ಮರ. ಕನ್ನಡದಲ್ಲಿ ಇದಕ್ಕೆ ಹೆಸರಿಲ್ಲ, ನಮ್ಮ ಕಡೆ ಬೆಳೆಯೋದೂ ಇಲ್ಲ. ಸೂಜಿ ಎಲೆಯ ಜಾತಿ, ಆದ್ರೆ ಎಲೆ ಚಪ್ಪಟೆ, ಕಡುಹಸಿರು, ದೂರದಿಂದ ನೋಡಿದ್ರೆ ಮರ ಕಪ್ಪಗೇ ಕಾಣ್ಸುತ್ತೆ. ತೊಗಟೆ ಕೆಂಪು ಕಂದು, ಸಿಪ್ಪೆ ಸಿಪ್ಪೆಯಾಗಿ ಏಳತ್ತೆ. ಹೆಣ್ಣು ಮರದಲ್ಲಿ ಚಿಕ್ಕ ಕೆಂಪು ಹಣ್ಣು ಬರತ್ತೆ, ಆ ಕೆಂಪು ತಿರುಳೊಂದು ಬಿಟ್ರೆ ಎಲೆ, ತೊಗಟೆ, ಬೀಜ ಎಲ್ಲಾನೂ ವಿಷ, ದನ ತಿಂದ್ರೆ ಉಳಿಯಲ್ಲ. ಇಂಗ್ಲೆಂಡು, ವೇಲ್ಸ್ ಕಡೆ ಹಳೇ ಹಳ್ಳಿ ಚರ್ಚು ಅಂದ್ರೆ ಪಕ್ಕದಲ್ಲಿ ಒಂದು ಯೂ ಮರ ಇದ್ದೇ ಇರತ್ತೆ ಅನ್ನೋಷ್ಟು ಜೋಡಿ ಅವೆರಡೂ, ಎಷ್ಟೋ ಕಡೆ ಚರ್ಚಿಗಿಂತ ಮರಾನೇ ಹಳೇದು. ನಾವಿರೋದು ಬೇಸಿಂಗ್‌ಸ್ಟೋಕ್ ಹತ್ರ, ಸೆಲ್ಬೋರ್ನಿಗೆ ಕಾರಲ್ಲಿ ಮುಕ್ಕಾಲು ಗಂಟೆ ಒಳಗೆ ಹೋಗ್ಬಹುದು. ನಾನು ನಾಲ್ಕೈದು ವರ್ಷದಿಂದ ಈ ಮರಗಳ ಹಿಂದೆ ಬಿದ್ದಿದೀನಿ, ಅದರಲ್ಲೂ ಈಗ ಇಲ್ಲದೇ ಇರೋ ಮರಗಳ ಹಿಂದೆ, ಯಾರೋ ಯಾವತ್ತೋ ಅಳೆದೋ ನೋಡಿಯೋ ಒಂದು ಸಾಲು ಬರೆದಿಟ್ಟು ಹೋದವು. ಅಪ್ಪ ಅಮ್ಮ ಬೇಸಿಗೆಗೆ ಅಂತ ಇಲ್ಲಿಗೆ ಬಂದಾಗ ಲಂಡನ್ ಐ ಎಲ್ಲಾ ಮುಗಿಸಿದ ಮೇಲೆ ನಾನು ಮೊದಲು ಕರ್ಕೊಂಡು ಹೋಗಿದ್ದು ಇಲ್ಲಿಗೇನೇ.

ಅಳೆದವರ ಹೆಸರು ಗಿಲ್ಬರ್ಟ್ ವೈಟ್. ಸೆಲ್ಬೋರ್ನಲ್ಲಿ ಪಾದ್ರಿಯಾಗಿದ್ದವರು, ಹುಟ್ಟಿದ್ದೂ ಸತ್ತಿದ್ದೂ ಅದೇ ಊರಲ್ಲಿ, ತಮ್ಮೂರಿನ ಹಕ್ಕಿ ಹುಳ ಮಳೆ ಗಿಡ ಎಲ್ಲದರ ಬಗ್ಗೆ ವರ್ಷಗಟ್ಟಲೆ ಬರೆದಿಟ್ಟು 1789ರಲ್ಲಿ ಪುಸ್ತಕ ಮಾಡಿದ್ರು. ಅದರಲ್ಲಿ ಈ ಮರದ ವಿಷಯ ಬರತ್ತೆ, ಮರ ಕುಳ್ಳಗೆ ದಪ್ಪಗಿದೆ, ಸುತ್ತಳತೆ 23 ಅಡಿ, ಗಂಡು ಮರ, ವಸಂತ ಬಂತು ಅಂದ್ರೆ ಮೋಡ ಮೋಡವಾಗಿ ಧೂಳು ಎಬ್ಬಿಸತ್ತೆ, ಸುತ್ತಮುತ್ತ ಗಾಳಿ ಎಲ್ಲಾ ಪರಾಗ ತುಂಬ್ಕೊಳತ್ತೆ ಅಂತ. ನಾನು ಬೇರೆ ಊರಲ್ಲಿ ಮಾರ್ಚ್ ತಿಂಗಳಲ್ಲಿ ಇದನ್ನ ಕಣ್ಣಾರೆ ನೋಡಿದೀನಿ, ಬಿಸಿಲಿತ್ತು, ಸಣ್ಣ ಗಾಳಿ ಬಂತು, ಒಂದು ಕೊಂಬೆಯಿಂದ ಹಳದಿ ಹೊಗೆ ಎದ್ದ ಹಾಗೆ ಎದ್ದು ಸಮಾಧಿ ಕಲ್ಲುಗಳ ಮೇಲೆ ಹಿಟ್ಟು ಜರಡಿ ಹಿಡಿದಂಗೆ ಕೂತ್ಕೊಂಡಿತು, ನನ್ನ ಕಪ್ಪು ಕೋಟಿನ ಮೇಲೂ. ವೈಟ್ ಬರೆದಿದ್ದು ಓದಿರದಿದ್ರೆ ಯಾರೋ ಧೂಳು ಕೊಡವಿದ್ರು ಅಂದ್ಕೋತಿದ್ದೆ. ಸೆಲ್ಬೋರ್ನ್ ಮರ ಈಗ ಧೂಳು ಎಬ್ಬಿಸಲ್ಲ, ಆದ್ರೆ ಎಬ್ಬಿಸ್ತಿತ್ತು ಅನ್ನೋದು ನಮಗೆ ಗೊತ್ತು. ಅಷ್ಟಕ್ಕೇ ನಂಗೆ ಆ ಮನುಷ್ಯನ ಮೇಲೆ ತುಂಬಾ ಗೌರವ. ಅವರ ಸಮಾಧಿ ಅದೇ ಅಂಗಳದಲ್ಲಿದೆ, ಸಣ್ಣ ಕಲ್ಲು, ಮೇಲೆ ಎರಡಕ್ಷರ ಮತ್ತು 1793ರ ಜೂನ್ 26 ಅಂತ ತಾರೀಕು, ಇನ್ನೇನಿಲ್ಲ.

ಆಮೇಲೆ 1823ರಲ್ಲಿ ವಿಲಿಯಂ ಕಾಬೆಟ್ ಅನ್ನೋ ಪತ್ರಕರ್ತರು ಕುದುರೆ ಮೇಲೆ ಊರೂರು ಸುತ್ತುತ್ತಾ ಇಲ್ಲಿಗೆ ಬಂದ್ರು, ಅವರೂ ಮರ ಅಳೆದ್ರು, 23 ಅಡಿ 8 ಇಂಚು. ಅದಾದ ಮೇಲೂ ಬೇರೆ ಬೇರೆಯವರು ಅಳೀತಾ ಬಂದಿದಾರೆ, ಇಪ್ಪತ್ತನೇ ಶತಮಾನದ ಕೊನೆಗೆ ಹತ್ತಿರತ್ತಿರ 26 ಅಡಿ ಆಗಿತ್ತು. ಅಪ್ಪನ ಜೊತೆ ಅಲ್ಲೇ ಬೆಂಚ್ ಮೇಲೆ ಕೂತು ಲೆಕ್ಕ ಹಾಕಿದ್ವಿ, ಇನ್ನೂರು ವರ್ಷಕ್ಕೆ ಮೂರಡಿ, ಅಂದ್ರೆ ವರ್ಷಕ್ಕೆ ಅರ್ಧ ಸೆಂಟಿಮೀಟರೂ ಸುತ್ತಳತೆ ಏರಿಲ್ಲ. ಅಪ್ಪ ತೋಟದವರು, ಬೆಳವಣಿಗೆ ಅನ್ನೋದು ಅವರಿಗೆ ವರ್ಷ ವರ್ಷ ಕಣ್ಣಿಗೆ ಕಾಣೋ ವಿಷಯ, "ಇದನ್ನ ನೆಟ್ಟವನು ಇದು ಬೆಳೆದಿದ್ದು ನೋಡೇ ಇಲ್ಲ ಮಾರಾಯ್ತಿ, ಅವನ ಮಕ್ಕಳೂ ನೋಡಿಲ್ಲ" ಅಂದ್ರು.

1987ರ ಅಕ್ಟೋಬರಲ್ಲಿ ದಕ್ಷಿಣ ಇಂಗ್ಲೆಂಡಿಗೆ ಒಂದು ಭಯಂಕರ ಬಿರುಗಾಳಿ ಬಂದು ಒಂದೇ ರಾತ್ರಿಗೆ ಸುಮಾರು ಒಂದೂವರೆ ಕೋಟಿ ಮರ ಬಿದ್ದಿದ್ವು. ಸೆಲ್ಬೋರ್ನ್ ಮರ ಆಗ ಬೀಳಲಿಲ್ಲ. ಎರಡೇ ವರ್ಷ ಚಿಲ್ಲರೆ, 1990ರ ಜನವರಿ 25ರಂದು ಇನ್ನೊಂದು ಬಿರುಗಾಳಿ, ಈ ಸಲ ಹಗಲು ಹೊತ್ತಲ್ಲೇ, ಅವತ್ತು ಬುಡಮೇಲಾಯ್ತು. ಊರವರು ಬಿಡಲಿಲ್ಲ ನೋಡಿ. ಕೊಂಬೆ ಎಲ್ಲಾ ಸವರಿ ಭಾರ ಇಳಿಸಿ, ಕೃಷಿ ಕಾಲೇಜಿನ ಹುಡುಗರನ್ನ ಕರೆಸಿ, ಬೊಡ್ಡೆನ ಎಳೆದು ಎತ್ತಿ ಅದೇ ಗುಂಡಿಲಿ ಮತ್ತೆ ನೆಟ್ಟಗೆ ನಿಲ್ಲಿಸಿದ್ರು. ಯೂ ಮರಕ್ಕೆ ಬುಡದಿಂದ, ಬೊಡ್ಡೆಯಿಂದ, ನೆಲ ಮುಟ್ಟಿದ ಕೊಂಬೆಯಿಂದ ಎಲ್ಲಿಂದ ಬೇಕಾದ್ರೂ ಮತ್ತೆ ಚಿಗುರೋ ಶಕ್ತಿ ಇದೆ, ಅದನ್ನ ನಂಬ್ಕೊಂಡೇ ಮಾಡಿದ ಕೆಲಸ ಅದು. ಸ್ವಲ್ಪ ಚಿಗುರಿತು ಕೂಡ. ಆದ್ರೆ ಉಳೀಲಿಲ್ಲ, ಒಂದೆರಡು ವರ್ಷದಲ್ಲಿ ಪೂರ್ತಿ ಒಣಗಿಹೋಯ್ತು. ಅದರ ಕಡ್ಡಿಯಿಂದ ಮಾಡಿದ ಸಸಿನ ಅಂಗಳದಲ್ಲಿ ನೆಟ್ಟಿದಾರೆ.

ಮರ ಬಿದ್ದಾಗ ಬೇರಿನ ಜೊತೆ ಮಣ್ಣೂ ಎದ್ದು ಬಂತಲ್ಲ, ಅದರಲ್ಲಿ ಮನುಷ್ಯರ ಮೂಳೆ ಇದ್ವು. ಹಳೇ ಕಾಲದ ಸಮಾಧಿಗಳು, ಬೇರು ಅವುಗಳನ್ನ ಸುತ್ಕೊಂಡು ಬೆಳೆದಿತ್ತು, ಪುರಾತತ್ವದವರು ಬಂದು ಒಂದೊಂದೇ ಬಿಡಿಸಿ ತೆಗೀಬೇಕಾಯ್ತು. ಅಪ್ಪನಿಗೆ ಈ ವಿಷಯ ಹೇಳಿದಾಗ ಅಮ್ಮ ಪಕ್ಕದಲ್ಲಿದ್ರು, ಕೈ ಮುಗಿದ್ರು. ಚರ್ಚಿನ ದಾಖಲೆಲಿ ಹೆಸರೇ ಇಲ್ಲದ ಜನ ಅವರು, ಆ ದಾಖಲೆ ಬರೆಯೋದು ಶುರು ಆಗೋಕೆ ಮುಂಚಿನವರು, ಮರ ಅವರನ್ನ ಹಿಡ್ಕೊಂಡಿತ್ತು ಅಷ್ಟು ವರ್ಷ.

ಈಗ ವಯಸ್ಸಿನ ವಿಷಯ. ಅಪ್ಪ ಕೇಳಿದ ಎರಡನೇ ಪ್ರಶ್ನೆ ಅದೇ, ಕಡಿದು ಉಂಗುರ ಎಣಿಸಿದ್ರೆ ಗೊತ್ತಾಗಲ್ವಾ ಅಂತ. ಯೂ ಮರದಲ್ಲಿ ಅದು ಆಗಲ್ಲ, ಯಾಕಂದ್ರೆ ಕೆಲವು ನೂರು ವರ್ಷ ಆದ ಮೇಲೆ ಒಳಗಿನ ಚೇಗು ಕೊಳೆತು ಮರ ಪೊಟರೆ ಆಗತ್ತೆ, ಮೊದಲ ಉಂಗುರಗಳೇ ಇರಲ್ಲ, ಇಂಗಾಲದ ಪರೀಕ್ಷೆ ಮಾಡಿಸೋಣ ಅಂದ್ರೂ ಹಳೇ ಮರದ ತುಂಡೇ ಒಳಗಿಲ್ಲ. ಒಳಗೆ ಖಾಲಿ ಆದ ಮೇಲೂ ಹೊರಗೆ ಆರಾಮಾಗಿ ಬೆಳೀತಾ ಇರತ್ತೆ, ಕೆಲವು ಸಲ ನೂರಾರು ವರ್ಷ ಬೆಳೆಯದೇ ಸುಮ್ಮನೆ ಕೂತಿರತ್ತೆ, ಆಮೇಲೆ ಮತ್ತೆ ಶುರು ಹಚ್ಕೊಳತ್ತೆ. ಹಾಗಾಗಿ ಒಂದು ಯೂ ಮರ ಎಷ್ಟು ಹಳೇದು ಅಂತ ಹೇಳ್ಬೇಕಂದ್ರೆ ಇರೋ ಗಟ್ಟಿ ದಾರಿ ಒಂದೇ, ಹಿಂದೆ ಯಾರಾದ್ರೂ ಅಳೆದಿರಬೇಕು, ಇವತ್ತು ನಾವು ಅಳೀಬೇಕು, ನಡುವಿನ ವ್ಯತ್ಯಾಸ ನೋಡಿ ಹಿಂದಕ್ಕೆ ಲೆಕ್ಕ ಹಾಕ್ಬೇಕು. ಸತ್ತುಹೋದ ಮರಗಳ ಅಳತೆಗೆ ಇಷ್ಟೊಂದು ಬೆಲೆ ಬರೋದು ಅದಕ್ಕೇ. ಸೆಲ್ಬೋರ್ನ್ ಮರ ಇಲ್ಲ, ಆದ್ರೆ ಅದರ ಇನ್ನೂರು ವರ್ಷದ ಅಂಕಿ ಬದುಕಿರೋ ಎಷ್ಟೋ ಮರಗಳ ವಯಸ್ಸು ಅಂದಾಜು ಮಾಡೋಕೆ ಇವತ್ತಿಗೂ ಕೆಲಸಕ್ಕೆ ಬರತ್ತೆ.

ನನ್ನನ್ನ ರಾತ್ರಿ ನಿದ್ದೆ ಬಿಡಿಸಿದ ಮರ ಅಂದ್ರೆ ಕೆಂಟ್ ಸೀಮೆಯ ಬ್ರೇಬೋರ್ನ್ ಮರ. 1664ರಲ್ಲಿ ಜಾನ್ ಈವ್ಲಿನ್ ಅನ್ನೋರು ಮರಗಳ ಬಗ್ಗೆ ಒಂದು ದೊಡ್ಡ ಗ್ರಂಥ ಬರೆದ್ರು, ಆಗ ಹಡಗು ಕಟ್ಟೋಕೆ ಮರ ಸಾಲದೆ ನೌಕಾಪಡೆಯವರು ಕಂಗಾಲಾಗಿದ್ರು, ದೇಶದಲ್ಲಿ ಮರ ನೆಡಿಸೋಕೆ ಅಂತ ಬರೆದಿದ್ದು. ಅದರಲ್ಲಿ ಬ್ರೇಬೋರ್ನ್ ಚರ್ಚಿನ ಅಂಗಳದ ಒಂದು ಮುದಿ ಯೂ ಮರದ ಬಗ್ಗೆ ಹೇಳ್ತಾರೆ, ಸುತ್ತಳತೆ 58 ಅಡಿ 11 ಇಂಚು. ಹೆಚ್ಚು ಕಮ್ಮಿ 18 ಮೀಟರ್, ಅಪ್ಪನ ಲೆಕ್ಕದಲ್ಲಿ ಹತ್ತು ಮಾರಿಗೆ ಒಂದಡಿ ಕಮ್ಮಿ! ಹತ್ತು ಜನ ಕೈ ಕೈ ಹಿಡ್ಕೊಂಡು ಸುತ್ತು ನಿಲ್ಲಬೇಕು. ಮೊದಲು ತಾನೇ ಒರಟಾಗಿ ಅಳೆದೆ, ಆಮೇಲೆ ಜಾರ್ಜ್ ಕಾರ್ಟರೆಟ್ ಅವರು ಸರಿಯಾಗಿ ಅಳೆಸಿ ಕೊಟ್ರು ಅಂತಾನೂ ಈವ್ಲಿನ್ ಹೇಳ್ತಾರೆ, ಕಾರ್ಟರೆಟ್ ಅಂದ್ರೆ ಆಗಿನ ನೌಕಾಪಡೆಯ ಖಜಾಂಚಿ. ನಂಗೆ ಆ ಸಾಲು ಯಾಕಿಷ್ಟು ಇಷ್ಟ ಅಂದ್ರೆ, ತನ್ನ ಮೊದಲ ಅಳತೆ ಸರಿ ಇರಲಿಲ್ಲ ಅಂತ ಒಪ್ಕೊಂಡು ಇನ್ನೊಂದು ಸಲ ಅಳೆಸೋಷ್ಟು ಅವರಿಗೆ ಅದು ಮುಖ್ಯ ಆಗಿತ್ತು. ಇವತ್ತು ಬ್ರೇಬೋರ್ನಲ್ಲಿ ಆ ಮರದ ಕುರುಹೂ ಇಲ್ಲ. ನಾನು ಹೋಗಿ ನೋಡಿ ಬಂದೆ, ಹುಲ್ಲು, ವಾಲಿದ ಸಮಾಧಿ ಕಲ್ಲು, ಚರ್ಚಿನ ಗೋಡೆ, ಅಷ್ಟೇ. ಹುಲ್ಲಿನ ಮೇಲೆ ಹತ್ತು ಮಾರು ಸುತ್ತಳತೆಗೆ ಎಷ್ಟು ಜಾಗ ಬೇಕು ಅಂತ ಹೆಜ್ಜೆ ಹಾಕಿ ನೋಡಿದೆ, ಅಡ್ಡ ಹತ್ತಿರತ್ತಿರ 19 ಅಡಿ ಬರತ್ತೆ, ನಮ್ಮೂರ ಮನೆ ಜಗಲಿಯಷ್ಟು. ಅಷ್ಟು ದೊಡ್ಡ ಜೀವ ಒಂದು ಹೋಗಿದೆ, ಉಳಿದಿರೋದು ಎರಡು ಅಂಕಿ. 19ನೇ ಶತಮಾನದಲ್ಲಿ ಸ್ವಿಸ್ ಸಸ್ಯ ವಿಜ್ಞಾನಿ ಡಿ ಕಾಂಡೋಲ್ ಅವರು ಜಗತ್ತಿನ ಅತಿ ಹಳೇ ಮರಗಳ ಲೆಕ್ಕ ಹಾಕಿದಾಗ ಈ ಅಂಕಿನೂ ತಗೊಂಡಿದ್ರು.

ಇಂಗ್ಲೆಂಡಿನ ದಾಖಲೆಗಳು ಹೀಗೆ ಅಡಿ ಇಂಚಿನವು. ಐರ್ಲೆಂಡಿಗೆ ಹೋದ್ರೆ ಇನ್ನೂ ಐನೂರು ವರ್ಷ ಹಿಂದಕ್ಕೆ ಹೋಗ್ಬಹುದು, ಅಲ್ಲಿ ಅಳತೆ ಇಲ್ಲ, ಸಾವಿನ ಸುದ್ದಿ ಇದೆ. ಅಲ್ಲಿನ ಮಠಗಳಲ್ಲಿ ಸನ್ಯಾಸಿಗಳು ವರ್ಷ ವರ್ಷದ ಘಟನೆಗಳನ್ನ ಬರೆದಿಡ್ತಿದ್ರು, ಯಾವ ರಾಜ ಸತ್ತ, ಯಾವ ಊರು ಸುಟ್ಟಿತು, ಎಲ್ಲಿ ರೋಗ ಬಂತು ಅಂತ, ಆ ಸಾಲಲ್ಲಿ ಮರಗಳೂ ಬರ್ತವೆ. 1149ರಲ್ಲಿ ಕ್ಲಾನ್‌ಮಕ್‌ನೋಯ್ಸ್ ಮಠದಲ್ಲಿ ಸಂತ ಕೀರನ್ ಹೆಸರಿನ ಯೂ ಮರಕ್ಕೆ ಸಿಡಿಲು ಬಡಿದು ಅದರ ಕೆಳಗೆ ನಿಂತಿದ್ದ 113 ಕುರಿ ಸತ್ತವು ಅಂತ ಇದೆ. 113! ಯಾರೋ ಕೂತು ಎಣಿಸಿದಾರೆ. ಆ ಒಂದು ಅಂಕಿಯಿಂದ ಮರದ ನೆರಳು ಎಷ್ಟು ಅಗಲ ಇತ್ತು ಅಂತ ಅಂದಾಜು ಮಾಡ್ಬಹುದು, ಮಳೆ ಹೊತ್ತಲ್ಲಿ ನೂರಕ್ಕೂ ಮೇಲೆ ಕುರಿ ಮೈ ಮುದುರಿ ಒಳಗೆ ಸೇರ್ಕೊಳ್ಳೋಷ್ಟು. ಅಡಿ ಇಂಚು ಬರೆಯದೇ ಇದ್ರೂ ಅದೂ ಒಂದು ಅಳತೇನೇ ಅಲ್ವಾ.

ಇನ್ನೊಂದು 1162ರದ್ದು. ಐರ್ಲೆಂಡಿನ ಉತ್ತರಕ್ಕೆ ನ್ಯೂರಿ ಅಂತ ಊರಿದೆ, ಅಲ್ಲಿನ ಮಠ ಪೂರ್ತಿ ಸುಟ್ಟುಹೋಯ್ತು, ಸಾಮಾನು ಪುಸ್ತಕ ಎಲ್ಲಾ ಹೋದವು, ಸಂತ ಪ್ಯಾಟ್ರಿಕ್ ತಮ್ಮ ಕೈಯ್ಯಾರೆ ನೆಟ್ಟಿದ್ದ ಯೂ ಮರಾನೂ ಹೋಯ್ತು ಅಂತ ಆ ವರ್ಷದ ಬರಹ. ಪ್ಯಾಟ್ರಿಕ್ 5ನೇ ಶತಮಾನದವರು, ಅವರೇ ನೆಟ್ಟಿದ್ದು ಅನ್ನೋದು ನಂಬಿಕೆ, ಇರಲಿ, ಆದ್ರೆ ಮಠ ಸುಟ್ಟ ಸುದ್ದಿ ಬರೆಯೋವಾಗ ಪುಸ್ತಕದ ಜೊತೆಗೇ ಮರನೂ ನೆನೆಸ್ಕೊಂಡಿದಾರೆ ನೋಡಿ, ಮಠಕ್ಕೆ ಆದ ನಷ್ಟದಲ್ಲಿ ಅದೂ ಒಂದು. ಆ ಊರಿನ ಹೆಸರೇ ಆ ಮರದಿಂದ ಬಂದಿದ್ದು, ಐರಿಷ್ ಭಾಷೆಲಿ ಊರನ್ನ ಈಗಲೂ 'ಅನ್ ತ್ಯೂರ್' ಅಂತಾರೆ, ಯೂ ಮರ ಅಂತಾನೇ ಅರ್ಥ. ಮರ ಹೋಗಿ ಎಂಟುನೂರು ವರ್ಷದ ಮೇಲಾಯ್ತು. ಮೇಯೋ ಜಿಲ್ಲೆ ಅಂದ್ರೆ ಯೂ ಮರಗಳ ಬಯಲು, ಯಾಲ್ ಅನ್ನೋ ಬಂದರು ಊರು ಅಂದ್ರೆ ಯೂ ಮರದ ಕಾಡು. ಅಪ್ಪನಿಗೆ ಇದನ್ನ ಹೇಳಿದ ತಕ್ಷಣ ಅವರು ಹುಣಸೂರು, ಆಲೂರು ಅಂತ ಶುರು ಮಾಡಿ ನಮ್ಮ ಸುತ್ತಮುತ್ತಲಿನ ಊರು ಕೇರಿ ಹೆಸರೆಲ್ಲಾ ಎಣಿಸ್ತಾ ಹೋದ್ರು, ಮನೆ ಬರೋ ತನಕ ನಿಲ್ಲಿಸಲಿಲ್ಲ.

12ನೇ ಶತಮಾನದ ಕೊನೆಗೆ ವೇಲ್ಸಿನ ಜೆರಾಲ್ಡ್ ಅನ್ನೋ ಪಾದ್ರಿ ಐರ್ಲೆಂಡ್ ಸುತ್ತಿ ಬಂದು ಬರೆದಿದಾರೆ, ತಾನು ನೋಡಿದ ಬೇರೆ ಯಾವ ದೇಶಕ್ಕಿಂತ ಇಲ್ಲಿ ಯೂ ಮರ ಹೆಚ್ಚು, ಅದರಲ್ಲೂ ಹಳೇ ಸ್ಮಶಾನ, ಪವಿತ್ರ ಜಾಗಗಳಲ್ಲಿ, ಹಿಂದಿನ ಕಾಲದ ಸಾಧುಗಳು ನೆಟ್ಟಿದ್ದು ಅಂತ. ಡಬ್ಲಿನ್ ಹತ್ರ ಫಿಂಗ್ಲಾಸಲ್ಲಿ ರಾಜನ ಬಿಲ್ಲುಗಾರರು ಬೀಡು ಬಿಟ್ಟಿದ್ದಾಗ ಮಠಾಧೀಶರು ನೆಟ್ಟ ಮರಗಳನ್ನ ಸೌದೆಗೆ ಕಡಿದು ಸುಟ್ರು, ಅವರಿಗೆಲ್ಲಾ ಪಿಡುಗು ಬಂದು ಸತ್ರು ಅಂತಾನೂ ಇದೆ. ಅದು ಶಾಪಾನೇ ಅಂತ ಜೆರಾಲ್ಡ್ ನಂಬಿದ್ರು. ನಂಗೆ ಅದರಲ್ಲಿ ಮುಖ್ಯ ಅನ್ಸೋದು ಬೇರೆ, ಕಡಿದವರು ಯಾರು, ಯಾವ ಊರಲ್ಲಿ, ಯಾಕೆ ಅನ್ನೋದು ಬರಹದಲ್ಲಿ ಉಳೀತು.

ಬಿಲ್ಲಿನ ವಿಷಯ ಬಂತಲ್ಲ, ಅದನ್ನ ಬೇಗ ಹೇಳಿ ಮುಗಿಸ್ತೀನಿ. ಇಂಗ್ಲಿಷರ ಉದ್ದ ಬಿಲ್ಲು ಮಾಡ್ತಿದ್ದಿದ್ದು ಯೂ ಮರದಲ್ಲೇ, ಆದ್ರೆ ಇಂಗ್ಲೆಂಡಿನ ಮರ ಗಂಟು ಗಂಟು, ಒಳ್ಳೇ ಕೋಲು ಬರ್ತಿದ್ದಿದ್ದು ಯುರೋಪಿನ ಬೆಟ್ಟದ ಕಾಡಿಂದ. 1472ರಲ್ಲಿ ಕಾನೂನೇ ಮಾಡಿದ್ರು, ಆ ಕಡೆಯಿಂದ ಹಡಗಲ್ಲಿ ಬರೋ ಒಂದೊಂದು ಟನ್ ಸರಕಿಗೂ ನಾಲ್ಕು ಬಿಲ್ಲಿನ ಕೋಲು ತರ್ಲೇಬೇಕು ಅಂತ. 1545ರಲ್ಲಿ ಮುಳುಗಿದ ಮೇರಿ ರೋಸ್ ಅನ್ನೋ ಇಂಗ್ಲಿಷರ ಯುದ್ಧದ ಹಡಗಿನ ಒಳಗೆ ಆಮೇಲೆ ನೂರಾ ಎಪ್ಪತ್ತಕ್ಕೂ ಮೇಲೆ ಬಿಲ್ಲು ಸಿಕ್ಕಿದಾವೆ, ಒಂದೇ ಹಡಗಲ್ಲಿ. ಪೋಲೆಂಡಿನ ರಾಜ ಇದಕ್ಕೆಲ್ಲಾ ಮುಂಚೇನೇ, 1423ರಲ್ಲೇ, ಯೂ ಮರ ಕಡಿಯೋದಕ್ಕೆ ತಡೆ ಹಾಕಿದ್ದ. ಚರ್ಚಿನ ಅಂಗಳದ ಮರಕ್ಕೆ ಅಳತೆ ಬರೆದಿಡೋರು ಇದ್ರು, ಆ ಕಾಡಿನ ಮರಗಳಿಗೆ ಇದ್ದಿದ್ದು ಕೋಲಿನ ಲೆಕ್ಕ ಮಾತ್ರ.

ಎಲ್ಲಾ ದಾಖಲೆಗಳಲ್ಲಿ ನಂಗೆ ಅತಿ ಪ್ರೀತಿಯದ್ದು ಅಂದ್ರೆ ಡೆವನ್ ಸೀಮೆಯ ವುಡ್‌ಬರಿ ಅನ್ನೋ ಊರಿನ ಚರ್ಚಿನ ರಿಜಿಸ್ಟರಲ್ಲಿರೋ ಒಂದು ಟಿಪ್ಪಣಿ. 1775ರ ನವೆಂಬರ್ 25. ಹುಟ್ಟು ಸಾವು ಮದುವೆ ಬರೆಯೋ ಪುಸ್ತಕ ಅದು. ಅದರಲ್ಲಿ ಬರೆದಿದಾರೆ, ಕೆಲವು ದಿನದ ಹಿಂದೆ ಗಾಳಿಗೆ ಬಿದ್ದುಹೋದ ಮರದ ಜಾಗದಲ್ಲೇ, ಚರ್ಚಿನ ದಕ್ಷಿಣಕ್ಕೆ, ಇವತ್ತು ಒಂದು ಯೂ ಅಥವಾ ಪಾಮ್ ಮರ ನೆಟ್ಟಿದೀವಿ ಅಂತ. ಪಾಮ್ ಯಾಕೆ ಅಂದ್ರೆ, ಗರಿಗಳ ಭಾನುವಾರದ ಹಬ್ಬಕ್ಕೆ ಈ ಚಳಿ ದೇಶದಲ್ಲಿ ಖರ್ಜೂರದ ಗರಿ ಎಲ್ಲಿ ಸಿಗ್ಬೇಕು, ಯೂ ಕೊಂಬೇನೇ ಮೆರವಣಿಗೆಲಿ ಹಿಡ್ಕೊಂಡು ಹೋಗ್ತಿದ್ರು, ಹಾಗಾಗಿ ಆ ಹೆಸರೂ ಅಂಟ್ಕೊಂಡಿತ್ತು. ಒಂದು ಮರ ಸತ್ತಿದ್ದು, ಒಂದು ಮರ ಹುಟ್ಟಿದ್ದು, ಎರಡೂ ಒಂದೇ ವಾಕ್ಯದಲ್ಲಿ, ಮನುಷ್ಯರ ಹುಟ್ಟು ಸಾವಿನ ಪುಸ್ತಕದಲ್ಲಿ. ಬಿದ್ದ ಕೆಲವೇ ದಿನಕ್ಕೆ ನೆಟ್ಟಿದಾರೆ, ತಡ ಮಾಡಿಲ್ಲ. ಅದನ್ನ ಬರೆದವರಿಗೆ ಇದು ದೊಡ್ಡ ವಿಷಯ ಅನ್ಸಿರತ್ತೋ ಇಲ್ವೋ, ನಾನಂತೂ ಮೊದಲ ಸಲ ಓದಿದಾಗ ಕಣ್ಣು ತುಂಬ್ಕೊಂಡು ಕೂತಿದ್ದೆ.

ಗಾಳಿ, ಸಿಡಿಲು, ಬೆಂಕಿ ಇವೆಲ್ಲಾ ಸರಿ. ಪ್ರೀತಿಯಿಂದಾನೂ ಮರ ಹೋಗತ್ತೆ, ಅದು ಇನ್ನೂ ನೋವಿನ ವಿಷಯ. ಸ್ಕಾಟ್ಲೆಂಡಿನ ಪರ್ತ್‌ಶೈರಲ್ಲಿ ಫೋರ್ಟಿಂಗಾಲ್ ಅಂತ ಊರು, ಅಲ್ಲಿನ ಯೂ ಮರ ಇಡೀ ಬ್ರಿಟನ್ನಿನ ಅತಿ ಹಳೇ ಮರಗಳಲ್ಲಿ ಒಂದು, ಇವತ್ತಿಗೂ ಬದುಕಿದೆ. ಆದ್ರೆ ಬದುಕಿರೋದು ಅದರ ಚೂರು ಮಾತ್ರ. 1769ರಲ್ಲಿ ಡೇನ್ಸ್ ಬ್ಯಾರಿಂಗ್ಟನ್ ಅನ್ನೋರು ಅಳೆದಾಗ 52 ಅಡಿ, ಅದೇ ಹೊತ್ತಿಗೆ ಥಾಮಸ್ ಪೆನಂಟ್ ಅಳೆದಾಗ ಐವತ್ತಾರೂವರೆ ಅಡಿ, ಹಳೇ ಮರದ ಉಬ್ಬು ತಗ್ಗಲ್ಲಿ ಟೇಪು ಎಲ್ಲಿ ಹಿಡೀತೀವಿ ಅನ್ನೋದರ ಮೇಲೆ ಅಷ್ಟು ವ್ಯತ್ಯಾಸ ಬಂದೇ ಬರತ್ತೆ. (ಇದೇ ಬ್ಯಾರಿಂಗ್ಟನ್ನು ಪೆನಂಟು ಇಬ್ಬರಿಗೇ ಗಿಲ್ಬರ್ಟ್ ವೈಟ್ ಸೆಲ್ಬೋರ್ನಿಂದ ಕಾಗದ ಬರೀತಿದ್ದಿದ್ದು. ಆ ಕಾಗದಗಳೇ ಆಮೇಲೆ ಪುಸ್ತಕ ಆಗಿದ್ದು. ಮೂರು ಜನ, ಒಬ್ಬರಿಗೊಬ್ಬರು ಗೊತ್ತಿದ್ದವರು, ಮೂವರೂ ಮರ ಅಳೆದು ಬರೆದಿಟ್ರು, ನಂಗೆ ಅದು ತಿಳಿದಾಗ ತುಂಬಾ ಖುಷಿ ಆಯ್ತು.) ಆಮೇಲೆ 1833ರಲ್ಲಿ ಪ್ಯಾಟ್ರಿಕ್ ನೀಲ್ ಹೋಗಿ ನೋಡಿದಾಗ ದೊಡ್ಡ ದೊಡ್ಡ ಕೊಂಬೆಗಳು, ಬೊಡ್ಡೆಯ ತುಂಡುಗಳೇ ಮಾಯ ಆಗಿದ್ವು, ಜನ ಬಂದು ನೆನಪಿಗೆ ಅಂತ ಕಡಿದು ತಗೊಂಡು ಹೋಗಿದ್ರು, ಕುಡಿಯೋ ಬಟ್ಟಲು ಅದು ಇದು ಮಾಡಿಸ್ಕೊಳ್ಳೋಕೆ. ಹುಡುಗರು ಹಬ್ಬದ ಬೆಂಕಿನ ಅದರ ಬುಡದಲ್ಲೇ ಹಾಕ್ತಿದ್ರು. ಕೊನೆಗೆ ಮರ ಎರಡಾಗಿ ಸೀಳಿ ನಡುವೆ ದಾರಿ ಆಗಿತ್ತು, ಹೆಣ ಹೊತ್ಕೊಂಡು ಹೋಗೋ ಮೆರವಣಿಗೆ ಆ ನಡುವಿಂದ ಹಾದುಹೋಗ್ತಿತ್ತು ಅಂತಾರೆ. ಈಗ ಸುತ್ತ ಕಲ್ಲಿನ ಗೋಡೆ ಇದೆ, ಒಳಗೆ ನೆಲದಲ್ಲಿ ಸಣ್ಣ ಸಣ್ಣ ಗೂಟ ಹೊಡೆದು ಹಳೇ ಬೊಡ್ಡೆ ಎಲ್ಲಿ ತನಕ ಇತ್ತು ಅಂತ ಗುರುತು ಮಾಡಿದಾರೆ.

ಆ ಗೂಟಗಳ ಮುಂದೆ ನಾನು ತುಂಬಾ ಹೊತ್ತು ನಿಂತಿದ್ದೆ. 1769ರ ಅಂಕಿ ಇಲ್ಲದಿದ್ರೆ ಆ ಗೂಟ ಎಲ್ಲಿ ಹೊಡೀಬೇಕು ಅನ್ನೋದೇ ಗೊತ್ತಾಗ್ತಿರಲಿಲ್ಲ, ಗೋಡೆ ಒಳಗೆ ಬೇರೆ ಬೇರೆ ಎರಡು ಮೂರು ಸಾಧಾರಣ ಮರ ಇವೆ ಅಂತ ಅಂದ್ಕೊಂಡು ಮುಂದೆ ಹೋಗ್ತಿದ್ವಿ. 2015ರಲ್ಲಿ ಎಡಿನ್‌ಬರೊ ಸಸ್ಯೋದ್ಯಾನದವರು ಅಲ್ಲಿ ಒಂದು ಆಶ್ಚರ್ಯ ಕಂಡ್ರು, ನೂರಾರು ವರ್ಷದಿಂದ ಗಂಡು ಮರ ಅಂತಾನೇ ದಾಖಲಾಗಿದ್ದ ಮರದ ಒಂದು ಕೊಂಬೇಲಿ ಮೂರು ಕೆಂಪು ಹಣ್ಣು. ಆ ಒಂದು ಕೊಂಬೆ ಹೆಣ್ಣಾಗಿತ್ತು. ಇಷ್ಟು ವಯಸ್ಸಾದ ಮೇಲೂ ಮರ ಹೊಸದೇನೋ ಮಾಡ್ತಿದೆ. ಅದು ಹೊಸದು ಅಂತ ಗೊತ್ತಾಗಿದ್ದೂ ಹಳೇ ಬರಹದಿಂದಾನೇ. ಆದ್ರೆ ಈಗಲೂ ಬರೋ ಪ್ರವಾಸಿಗಳು ಟೊಂಗೆ ಮುರ್ಕೊಂಡು ಹೋಗ್ತಾರೆ, ಹರಕೆ ಅಂತ ದಾರ ಕಟ್ತಾರೆ. ದಯವಿಟ್ಟು ಯಾರಾದ್ರೂ ಅಲ್ಲಿಗೆ ಹೋದ್ರೆ ಒಂದು ಎಲೆನೂ ಕೀಳ್ಬೇಡಿ.

ಲೇಕ್ ಡಿಸ್ಟ್ರಿಕ್ಟಿನ ಬಾರೊಡೇಲಲ್ಲಿ ವರ್ಡ್ಸ್‌ವರ್ತ್ ಕವಿತೆ ಬರೆದ ನಾಲ್ಕು ಅಣ್ಣ ತಮ್ಮ ಯೂ ಮರಗಳಿದ್ವು, 1883ರ ಬಿರುಗಾಳಿಗೆ ಒಂದು ಹೋಯ್ತು, ಈಗ ಮೂರು. ಕವಿತೇಲಿ ಮಾತ್ರ ಇನ್ನೂ ನಾಲ್ಕಿವೆ.

ಅಪ್ಪನಿಗೆ ಇದರಲ್ಲಿ ಪರಿಚಯ ಇದ್ದ ಒಂದೇ ಒಂದು ತುದಿ ಅಂದ್ರೆ ತಾಳೀಸಪತ್ರೆ. ಕೆಮ್ಮಿಗೆ ತಾಲೀಸಾದಿ ಚೂರ್ಣ ಅಜ್ಜಿ ಕೊಡ್ತಿದ್ರಲ್ಲ, ಗ್ರಂಧಿಗೆ ಅಂಗಡೀಲಿ ತಾಳೀಸಪತ್ರೆ ಅಂತ ಸಿಗೋದು ಸಾಮಾನ್ಯವಾಗಿ ಹಿಮಾಲಯದ ಫರ್ ಜಾತಿ ಎಲೆ, ಆದ್ರೆ ಉತ್ತರದಲ್ಲಿ ಕೆಲವು ಕಡೆ ಹಿಮಾಲಯದ ಯೂ ಎಲೆನೂ ಅದೇ ಹೆಸರಲ್ಲಿ ಮಾರ್ತಾರೆ. ಹಿಮಾಲಯದ ಯೂ ಮರಕ್ಕೂ ಕಷ್ಟ ಬಂದಿದೆ, ಕ್ಯಾನ್ಸರಿಗೆ ಕೊಡೋ ಟ್ಯಾಕ್ಸಾಲ್ ಔಷಧಿ ಈ ಕುಲದ ಮರದಲ್ಲಿ ಸಿಗತ್ತೆ ಅಂತ ಗೊತ್ತಾದ ಮೇಲೆ ಅಲ್ಲಿ ಎಲೆ ತೊಗಟೆಗೆ ಮರ ಬೋಳಿಸೋದು ಜಾಸ್ತಿ ಆಗಿ, 1995ರಲ್ಲಿ ಅದರ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ತರ್ಬೇಕಾಯ್ತು.

ಸೆಲ್ಬೋರ್ನಿಂದ ವಾಪಸ್ ಬರೋವಾಗ ಅಪ್ಪ ಕಾರಲ್ಲಿ ಸುಮಾರು ದೂರ ಮಾತಾಡಲಿಲ್ಲ. ಆಮೇಲೆ ನಮ್ಮೂರ ಹೊಳೆ ದಂಡೆಲಿದ್ದ ಅಪ್ಪೆಮಿಡಿ ಮರದ ಮಾತು ತೆಗೆದ್ರು. ನಾನು ಚಿಕ್ಕವಳಿದ್ದಾಗ ಇತ್ತು, ಅದರ ಮಿಡಿ ಉಪ್ಪಿನಕಾಯಿ ಎರಡು ವರ್ಷ ಇಟ್ರೂ ಮೆತ್ತಗಾಗ್ತಿರಲಿಲ್ಲ, ಸೊನೆ ವಾಸನೆ ಭರಣಿ ಮುಚ್ಚಳ ತೆಗೆದ್ರೆ ಜಗಲಿ ತನಕ ಬರ್ತಿತ್ತು, ಊರಿಗೆಲ್ಲಾ ಅದೇ ಮರದ ಮಿಡಿ. ಒಂದು ಮಳೆಗಾಲ ದಂಡೆ ಕುಸಿದು ಮರ ಹೊಳೆ ಪಾಲಾಯ್ತು. ಅದು ಎಷ್ಟು ಮಾರಿತ್ತು ಅಂತ ಅಪ್ಪ ಅಮ್ಮ ಇಬ್ಬರೂ ನೆನಪು ಮಾಡ್ಕೊಳ್ಳೋಕೆ ನೋಡಿದ್ರು, ಅಪ್ಪ ಎರಡೂವರೆ ಅಂದ್ರು, ಅಮ್ಮ ಮೂರಕ್ಕೆ ಕಮ್ಮಿ ಇರಲಿಲ್ಲ ಅಂದ್ರು, ಯಾವ ವರ್ಷ ಬಿತ್ತು ಅನ್ನೋದಕ್ಕೂ ಇಬ್ಬರದ್ದೂ ಬೇರೆ ಬೇರೆ. ಬರೆದಿಟ್ಟವರು ಯಾರೂ ಇಲ್ಲ. "ನಾನೇ ಎಷ್ಟೋ ಸಲ ತಬ್ಬಿ ಅಳೆದಿದೀನಿ ಕಣೆ, ಬರೆದಿಡ್ಬೇಕು ಅಂತ ತೋಚಲೇ ಇಲ್ಲ" ಅಂದ್ರು.

ಮಾರನೇ ಭಾನುವಾರ ನಮ್ಮ ಮನೆ ಹತ್ರದ ಚಿಕ್ಕ ಚರ್ಚಿಗೆ ಹೋದ್ವಿ. ಅಲ್ಲಿ ಒಂದು ಯೂ ಮರ ಇದೆ, ಹೆಸರಾದ ಮರ ಏನಲ್ಲ. ನಾನು ಟೇಪು ಹಿಡಿದೆ, ಅಪ್ಪ ತೋಳು ಹಿಡಿದ್ರು. ಇಳಿಜಾರಿದ್ರೆ ಮೇಲ್ಗಡೆ ನಿಂತು ಅಳೀಬೇಕು, ನೆಲದಿಂದ ಎಷ್ಟು ಎತ್ತರದಲ್ಲಿ ಅಳೆದ್ವಿ ಅಂತ ಬರೀಬೇಕು, ಬಳ್ಳಿ ಸುತ್ತಿದ್ರೆ ಅದರ ಅಡಿಗೆ ಟೇಪು ತೂರಿಸ್ಬೇಕು, ಗಂಟು ಬಂದಿದ್ರೆ ಅದರ ಕೆಳಗೆ ಸಣ್ಣ ಆಗೋ ಜಾಗದಲ್ಲಿ ಹಿಡೀಬೇಕು, ಇದೆಲ್ಲಾ ಹೇಳಿಕೊಟ್ಟೆ. ಹಳೇ ದಾಖಲೆಗಳಲ್ಲಿ ಅತಿ ದೊಡ್ಡ ತೊಂದರೆ ಅದೇ, ಅಡಿ ಇಂಚು ಇರತ್ತೆ, ಯಾವ ಎತ್ತರದಲ್ಲಿ ಅಂತ ಇರಲ್ಲ. 1897ರಲ್ಲಿ ಜಾನ್ ಲೋ ಅನ್ನೋ ಡಾಕ್ಟರು ಬ್ರಿಟನ್ ಐರ್ಲೆಂಡಿನ ಯೂ ಮರಗಳ ಅಳತೆ ಎಲ್ಲಾ ಒಟ್ಟು ಹಾಕಿದಾಗ ಅವರಿಗೂ ಇದೇ ತಲೆನೋವಾಗಿತ್ತು. ಅಮ್ಮ ನಮ್ಮಿಬ್ಬರ ಫೋಟೋ ತೆಗೆದ್ರು, ಮರದ ಪಕ್ಕ ನನ್ನ ಕೊಡೆ ಆನಿಸಿ ಇಟ್ಟು, ಗಾತ್ರ ತಿಳೀಲಿ ಅಂತ.

ಅಪ್ಪ ಊರಿಂದ ತಂದಿದ್ದ ಅಡಿಕೆ ಲೆಕ್ಕದ ನೋಟ್‌ಬುಕ್ಕಲ್ಲೇ ಕೊನೇ ಹಾಳೆ ತೆಗೆದು ತಾರೀಕು, ಊರು, ಎದೆ ಎತ್ತರ, ಮೂರು ಮಾರು ಒಂದು ಗೇಣು ಅಂತ ಬರೆದು, ಅದರ ಕೆಳಗೆ ನನ್ನ ಟೇಪಿನ ಲೆಕ್ಕನೂ ಬರೆದ್ರು. ಆಮೇಲೆ ಅಲ್ಲೇ ನಿಂತು ಊರಿಗೆ ತಮ್ಮನಿಗೆ ಫೋನ್ ಮಾಡಿದ್ರು, ಅಲ್ಲಿ ಸಂಜೆ ಆಗಿತ್ತು. "ಗದ್ದೆ ಅಂಚಲ್ಲಿ ಇನ್ನೊಂದು ಅಪ್ಪೆ ಮರ ಇದ್ಯಲ್ಲ, ನಾಳೆ ಬೆಳಿಗ್ಗೆ ಹೋಗಿ ಅಳೆದು ವಾಟ್ಸಪ್ ಮಾಡೋ. ತೋಳಲ್ಲಿ ಅಲ್ಲ, ಟೇಪಲ್ಲಿ. ಮೇಲ್ಗಡೆ ನಿಂತ್ಕೊಂಡು, ಎದೆ ಎತ್ತರದಲ್ಲಿ. ತಾರೀಕು ಹಾಕು."